ಕಾಳಿನ ಕೋಣೆಯ ಪ್ರಶ್ನೆ

"ಇದನ್ನ ಓದಿದ ಮ್ಯಾಲೂ ಸಹಿ ಮಾಡಾಕ ನಿಮಗ ಕೈ ಬರವಲ್ದು ಅಂದ್ರ ನಾ ಏನು ಹೇಳ್ಲಿ ಮೇಡಂ?"

ಅನಿಲ ಬೆರಳಿಟ್ಟು ತೋರಿಸಿದ ಸಾಲನ್ನು ಪಿಎಸ್‌ಐ ವಿದ್ಯಾವತಿ ಬೆಳಗಿನಿಂದ ಎಷ್ಟು ಸಲ ಓದಿದ್ದಳೋ ಅವಳಿಗೇ ನೆನಪಿರಲಿಲ್ಲ.

'ಕಾಳಿಗೆ ಇಡುವ ಗುಳಿಗೆ ಇರುವ ಕೋಣೆಯಲ್ಲಿ ಮನುಷ್ಯ ಮಲಗಿದರೆ ಎಷ್ಟು ಹೊತ್ತಿಗೆ ಸಾಯುತ್ತಾನೆ?'

ಕೇಳಿದ ಖಾತೆ ಪಕ್ಕದ ಕೋಣೆಯಲ್ಲಿ ಕೂಡಿಸಿದ್ದ ಪ್ರಜ್ಞಾಳದು. ಕೇಳಿದ್ದು ಕಂಪ್ಯೂಟರಿನ ಚಾಟ್‌ಬಾಟನ್ನು, ದೇವರ ಹಿಪ್ಪರಗಿ ಸಂತೆಯ ದಿನ. ಮುಂದಿನ ಸಂತೆ ಕೂಡುವಷ್ಟರಲ್ಲಿ ಅನಿಲನ ತಂದೆ, ತೊಗರಿ ವ್ಯಾಪಾರಿ ಗುರುಲಿಂಗಪ್ಪ, ಕನ್ನೊಳ್ಳಿಯ ಮನೆಯ ಕಾಳಿನ ಕೋಣೆಯಲ್ಲಿ ಹಾಸಿಗೆಯ ಮೇಲೆಯೇ ಹೆಣವಾಗಿದ್ದರು. ಹುಳ ಕೊಲ್ಲುವ ಆ ಗುಳಿಗೆಯ ವಿಷಗಾಳಿ ಹೊರಗೆ ಹೋಗಲೆಂದು ಇದ್ದ ಒಂದೇ ಒಂದು ಗವಾಕ್ಷಿಗೆ ಯಾರೋ ಹೊರಗಿನಿಂದ ಗೋಣಿಚೀಲ ತುರುಕಿದ್ದರು.

"ಕೈ ಬರೂದಿಲ್ಲ ಅಂತ ನಾ ಎಲ್ಲಿ ಅಂದೆ?" ವಿದ್ಯಾವತಿ ಕಾಗದವನ್ನು ಬೋರಲು ಹಾಕಿದಳು. "ಓದಾಕತ್ತೇನಿ. ನೀವು ಹೊರಗ ಕೂಡ್ರಿ."

"ನಮ್ಮಪ್ಪ ಬಾಡಗಿಗಿ ಕೊಟ್ಟ ಅಂಗಡಿ ಖಾಲಿ ಮಾಡು ಅಂತ ಆಕಿಗಿ ಅಂದ್ರು. ಆಕಿ ಇದನ್ನ ಕೇಳಿದ್ಲು. ಅವತ್ತ ಸಂಜಿಕ ನಮ್ಮನಿ ಬಾಗಲಕ್ಕ ಬಂದು ಜಗಳಾಡಿ ಹೋದ್ಲು. ಇನ್ನೇನು ಓದೂದೈತ್ರಿ?"

"ಅನಿಲಪ್ಪಾ, ಮೇಡಮ್ಮೋರು ಕೂಡು ಅಂದ್ರ ಕೂಡಬೇಕು," ಎಂದು ಹೆಡ್ ಕಾನ್‌ಸ್ಟೇಬಲ್ ಫಕೀರಸಾಬ ಅವನ ಹೆಗಲ ಮೇಲೆ ಕೈಯಿಟ್ಟು ಪಡಸಾಲೆಯ ಬೆಂಚಿನವರೆಗೆ ಕರೆದುಕೊಂಡು ಹೋದ.

ವಿದ್ಯಾವತಿ ಕಣ್ಣುಜ್ಜಿಕೊಂಡಳು. ಕಿಟಕಿಯಾಚೆ ಬೇವಿನ ಮರದ ನೆರಳಲ್ಲಿ ಪ್ರಜ್ಞಾಳ ತಾಯಿ ಸಾವಿತ್ರವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೆರಳು ಸರಿದಂತೆಲ್ಲ ತಾನೂ ಸರಿಯುತ್ತಿದ್ದಳು. ಬಾಗಿಲ ಕಡೆಗಿನ ನೋಟ ಮಾತ್ರ ಸರಿದಿರಲಿಲ್ಲ. ಸಂಜೆಯೊಳಗೆ ಮಗಳನ್ನು ಸಿಂದಗಿ ಕೋರ್ಟಿನಲ್ಲಿ ನಿಲ್ಲಿಸಬೇಕು. ರಿಮಾಂಡ್ ಕಾಗದಕ್ಕೆ ವಿದ್ಯಾವತಿ ಸಹಿ ಹಾಕಿದರೆ ಕೊಲೆಗಾತಿ ಎಂಬ ಹೆಸರು ಹೊತ್ತು ಆ ಹುಡುಗಿ ಜೈಲಿಗೆ ಹೋಗುತ್ತಾಳೆ. ಆಮೇಲೆ ಬಿಡುಗಡೆಯಾದರೂ ಆ ಹೆಸರಿಗೆ ಬಿಡುಗಡೆಯಿಲ್ಲ. ಅದರಲ್ಲೂ ಊರ ಹೊರಗಿನ ಓಣಿಯಿಂದ ಬಂದು, ಸಂತೆಬೀದಿಯಲ್ಲಿ ಅರ್ಜಿ ಬರೆದುಕೊಡುವ ಕಂಪ್ಯೂಟರ್ ಅಂಗಡಿಯ ಬೋರ್ಡು ಹಾಕಿ ಕೂತ ಹುಡುಗಿಗೆ.

ಜಿಲ್ಲೆಯ ಸೈಬರ್ ಠಾಣೆಯಿಂದ ಬಂದ ವರದಿ ಬಲು ಅಚ್ಚುಕಟ್ಟಾಗಿತ್ತು. ಪ್ರಜ್ಞಾಳ ಖಾತೆಯಿಂದ ಕೆಲವು ಪ್ರಶ್ನೆಗಳನ್ನು ಹೆಕ್ಕಿ, ದ್ವೇಷ, ಹುಡುಕಾಟ, ವಿಧಾನ, ಪಲಾಯನ ಎಂದು ತಲೆಬರಹ ಕೊಟ್ಟು ಜೋಡಿಸಿದ್ದರು. 'ಆ ಮುದುಕ ಸತ್ತರೆ ಸಾಕು ಅನಿಸುತ್ತದೆ, ಹೀಗೆ ಅನಿಸುವುದು ಪಾಪವೇ?' ಎಂಬುದು ದ್ವೇಷದ ಕೆಳಗೆ. 'ಬಸವನ ಬಾಗೇವಾಡಿ ಸ್ಟೇಷನ್ನಿನಿಂದ ಮುಂಬೈಗೆ ರೈಲು ಯಾವಾಗ?' ಎಂಬುದು ಪಲಾಯನದ ಕೆಳಗೆ. ಓದಿದರೆ ಒಂದೇ ತಲೆಯೊಳಗಿನ ಒಂದೇ ಹಂಚಿಕೆ ಎನ್ನಬೇಕು, ಹಾಗೆ.

ಹೀಗೆ ಅಚ್ಚುಕಟ್ಟಾಗಿರುವುದನ್ನು ಕಂಡರೇ ವಿದ್ಯಾವತಿಗೆ ನಂಬಿಕೆ ಬರುತ್ತಿರಲಿಲ್ಲ. ಮನುಷ್ಯರ ತಲೆ ಅಷ್ಟು ನೆಟ್ಟಗಿರುವುದನ್ನು ಅವಳು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅದಕ್ಕೇ ಪ್ರಜ್ಞಾಳಿಂದ ಪಾಸ್‌ವರ್ಡ್ ಬರೆಸಿಕೊಂಡು, ಖಾತೆಯನ್ನು ಠಾಣೆಯ ಕಂಪ್ಯೂಟರಿನಲ್ಲೇ ತೆರೆಸಿದ್ದಳು. ಹೆಕ್ಕಿದ್ದಲ್ಲ, ಎಲ್ಲವೂ ಬೇಕು.

ಫಕೀರಸಾಬ ಬಂದು ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂತ.

"ಅದs ಸಂತಿ ದಿನದ್ದು ಓದ್ರಿ ಫಕೀರಸಾಬ್ರ. ಹಿಂದಿನವು, ಮುಂದಿನವು, ಒಂದನ್ನೂ ಬಿಡಬ್ಯಾಡ್ರಿ."

"ಓದ್ತೇನ್ರಿ. 'ನನ್ನ ಎಮ್ಮೆ ನಿನ್ನೆಯಿಂದ ಮೇವು ಮುಟ್ಟಿಲ್ಲ, ಏನು ಮಾಡಲಿ?'"

"ಪ್ರಜ್ಞಾನ ಮನ್ಯಾಗ ಎಮ್ಮಿ ಐತೇನು?"

"ಎಮ್ಮಿ ಕಟ್ಟಾಕ ಗೋದಲಿ ಬೇಕಲ್ರಿ, ಅವರ ಮನ್ಯಾಗ ಮನಷಾರಿಗೇ ಜಾಗಿಲ್ಲ. ಮುಂದ ಕೇಳ್ರಿ. 'ನನ್ನ ಗಡ್ಡ ಪೂರಾ ಬೆಳ್ಳಗಾಗಿದೆ, ಆದರೂ ಆಧಾರದಲ್ಲಿ ವಯಸ್ಸು ಕಡಿಮೆ ಬಂದಿದೆ, ಪಿಂಚಣಿ ಸಿಗುವುದೇ?' ಆಮ್ಯಾಲ ಇದು: 'ನಾನು ತುಂಬಿದ ಬಸುರಿ, ಕಾಲು ಬಾತಿವೆ, ಹೆದರಬೇಕೇ?'" ಫಕೀರಸಾಬ ಕನ್ನಡಕ ತೆಗೆದ. "ಗಡ್ಡ ಬಂದ ಬಸುರಿ! ಮೇಡಮ್ಮೋರ, ಇಂಡಿ ತಾಲೂಕಿನ್ಯಾಗ ನೌಕರಿ ಮಾಡೀನಿ, ಮುದ್ದೇಬಿಹಾಳದಾಗ ಮಾಡೀನಿ, ಇಂಥಾ ಆರೋಪಿ ನನ್ನ ಕಣ್ಣಿಗೆ ಬಿದ್ದಿಲ್ಲ."

ವಿದ್ಯಾವತಿಗೆ ನಗು ಬರಬೇಕಿತ್ತು; ಬಂದದ್ದು ನಿಟ್ಟುಸಿರು. ಜಿಲ್ಲೆಯವರು ಇವನ್ನೂ ಓದಿರಬೇಕು. ಬೇಡವೆಂದು ಬಿಟ್ಟಿರಬೇಕು. ಎಮ್ಮೆಗೂ ಕೊಲೆಗೂ ಏನು ಸಂಬಂಧ ಎಂದು.

"ಆ ಗುಳಿಗಿ ಪ್ರಶ್ನಿ ಹಿಂದ-ಮುಂದ ಏನೈತಿ ನೋಡ್ರಿ. ಪ್ರಿಂಟ್ ತಗೀರಿ," ಎಂದಳು.

ಬಂದ ಹಾಳೆಯನ್ನು ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಅದನ್ನು ಹಿಡಿದುಕೊಂಡೇ ಪಕ್ಕದ ಕೋಣೆಗೆ ಹೋದಳು.

*

ಪ್ರಜ್ಞಾ ಗೋಡೆಗೊರಗಿ ಕೂತಿದ್ದಳು. ಹಿಡಿದು ತಂದಾಗಿನಿಂದ ಅವಳು ಹೇಳಿದ್ದು ಎರಡೇ ಮಾತು: ಬರೆದದ್ದು ನಾನೇ, ಕೊಂದದ್ದು ನಾನಲ್ಲ. ಮಹಿಳಾ ಪೇದೆಯನ್ನು ಹೊರಗೆ ಕಳಿಸಿ ವಿದ್ಯಾವತಿ ಎದುರಿನ ಕುರ್ಚಿಯಲ್ಲಿ ಕುಸಿದಳು.

"ನಿನ್ನ ಎಮ್ಮಿ ಮೇವು ತಿಂತೇನವಾ?"

ಹುಡುಗಿ ತಲೆಯೆತ್ತಿದಳು. ತುಟಿಯ ಅಂಚಿನಲ್ಲಿ ಏನೋ ಸುಳಿದು ಹೋಯಿತು. "ತಿಂತ್ರಿ. ಬೆಲ್ಲ-ಶುಂಠಿ ಕೊಟ್ರಂತ. ಹೋದ ಸಂತಿಗಿ ಬಂದು ಹೇಳಿ ಹೋದ್ರು."

"ಯಾರು?"

ಪ್ರಜ್ಞಾ ಮತ್ತೆ ತಲೆ ತಗ್ಗಿಸಿದಳು.

"ಅವ್ರು ಹೇಳಿದ್ದನ್ನ ನೀ ಟೈಪ್ ಮಾಡ್ತಿ. ಅವ್ರ 'ನಾನು' ನಿನ್ನ 'ನಾನು' ಆಗ್ತೈತಿ. ಹೌದಿಲ್ಲೊ?"

"ಅವ್ರು ಹೆಂಗ ಹೇಳ್ತಾರ ಹಂಗ ಬರೀತೇನ್ರಿ. ಅರ್ಜಿ ಬರಿಯೂ ಮುಂದ ಹಂಗs ಅಲ್ರಿ? 'ಆಕಿ ಹಿಂಗಂತಾಳ, ಈಕಿ ಹಂಗಂತಾಳ' ಅಂತ ಬರದ್ರ ಮಷೀನ್ ಉತ್ತರನೂ ಹಂಗs ಕೊಡತೈತಿ, ದೂರದವ್ರಿಗಿ ಹೇಳಿದಂಗ. 'ನಾನು' ಅಂದ್ರ ಅವ್ರ ಮಾರಿ ನೋಡಿ ಮಾತಾಡತೈತಿ."

"ಇದನ್ನ ಮೊದಲs ಹೇಳಬೇಕಿಲ್ಲೊ? ನಿಮ್ಮವ್ವ ಹೊರಗ ಬಿಸಲಾಗ ಕುಂತಾಳ."

ತಾಯಿಯ ಮಾತು ಬಂದದ್ದೇ ಪ್ರಜ್ಞಾಳ ಕಣ್ಣು ತುಂಬಿದವು. ಆದರೂ ದನಿ ಬಾಗಲಿಲ್ಲ. "ಹೇಳಿದ್ರ ಮುಂದಿನ ಪ್ರಶ್ನಿ ಏನು ಕೇಳ್ತಿದ್ರಿ? ಹಂಗಾದ್ರ ಇದನ್ನ ಕೇಳಿದವ್ರು ಯಾರು ಅಂತ. ಸಂತಿಗಿ ಬಂದ ಹೆಣ್ಮಕ್ಳು ಕಾಯಿಪಲ್ಯೆ ಚೀಲ ಬಾಗಲದಾಗ ಇಟ್ಟು ಒಳಗ ಬರ್ತಾರ್ರಿ. ಡಾಕ್ಟರ ಮುಂದ ಬಾಯಿ ಬಿಡದವ್ರು ನನ್ನ ಮುಂದ ಬಿಡ್ತಾರ. ಮಾವನ ಹೇಲು-ಉಚ್ಚಿ ಬಳದು ಬಳದು ಸಾಕಾಗಿ, 'ಆ ಮುದುಕ ಸತ್ರ ಸಾಕು' ಅಂದಾಕಿ, ಪಾಪ ಬರ್ತೈತೇನು ಅಂತ ಅಳಕೊಂತ ಕೇಳಿದ್ಲು. ಮನಿಗಿ ಹೋಗಿ ಅದs ಮುದುಕಗ ಗಂಜಿ ಕುಡಿಸಿದ್ಲು. ನಿಮ್ಮ ಕಾಗದದಾಗ ಗಂಜಿ ಬರದಿಲ್ಲಲ್ರಿ."

ವಿದ್ಯಾವತಿಯ ತಂದೆ ಬಸವನ ಬಾಗೇವಾಡಿಯಲ್ಲಿದ್ದರು. ನಿದ್ದೆ ಬಾರದೆ ಒದ್ದಾಡುವ ಜೀವ. ಹೋದ ವಾರವಷ್ಟೇ ಅವಳು ತನ್ನ ಫೋನಿನಲ್ಲಿ ಕೇಳಿದ್ದಳು: ವಯಸ್ಸಾದವರಿಗೆ ನಿದ್ದೆಗುಳಿಗೆ ಹೆಚ್ಚಾದರೆ ಏನಾಗುತ್ತದೆ? ಡಬ್ಬಿ ಬರಿದಾದದ್ದು ಕಂಡು ಎದೆ ಒಡೆದುಕೊಂಡು ಕೇಳಿದ ಪ್ರಶ್ನೆ ಅದು. ನಾಳೆ ತಂದೆಗೆ ಏನಾದರೂ ಆದರೆ, ಅದನ್ನೂ ಯಾರೋ ಹೆಕ್ಕಿ, ಮೇಲೆ ತಲೆಬರಹ ಕೊಡುತ್ತಾರೆ.

"ಹೆಸರು ಹೇಳು. ಇವತ್ತs ಮನಿಗಿ ಹೋಗ್ತಿ," ಎಂದಳು. ಹೇಳಬೇಕಾದ ಮಾತು, ಹೇಳಿದಳು.

"ಆಮ್ಯಾಲ ಆಕಿನ್ನ ಇಲ್ಲಿ ಕೂಡಸ್ತೀರಿ. ಗ್ವಾಡಿ ಇದs, ಪ್ರಶ್ನಿನೂ ಇದs. ಮನಷಾ ಬ್ಯಾರೆ ಅಷ್ಟ."

"ನೀ ಭಾಳ ಶ್ಯಾಣ್ಯಾಕಿ ಅದಿ."

"ಶ್ಯಾಣ್ಯಾತನ ಅಲ್ರಿ. ಅಂಜಿಕಿ. ನನ್ನ ಮ್ಯಾಲ ಬಂದಿದ್ದು ನೋಡೀನಲ್ಲ."

ವಿದ್ಯಾವತಿ ಕೈಯಲ್ಲಿದ್ದ ಹಾಳೆಯನ್ನು ಮೊಣಕಾಲ ಮೇಲೆ ಬಿಡಿಸಿದಳು. "ನೀ ಏನೂ ಹೇಳಬ್ಯಾಡ. ನಾನs ಓದ್ತೇನಿ. 'ನಮ್ಮ ಮನೆಯವರು ತೊಗರಿ ಕಾಯಲೆಂದು ಕಾಳಿನ ಕೋಣೆಯಲ್ಲೇ ಹಾಸಿಗೆ ಹಾಕುತ್ತಾರೆ. ಚೀಲಕ್ಕೆ ಗುಳಿಗೆ ಇಟ್ಟಿದ್ದಾರೆ. ಏನಾದರೂ ಆದೀತೇ?' ಇದು ಮೊದಲನೇದು. ಆಮ್ಯಾಲ ಎಷ್ಟು ಹೊತ್ತಿಗಿ ಸಾಯ್ತಾನ ಅನ್ನೂದು. ಅದರ ಬೆನ್ನಿಗೇ ಇದು: 'ಹೇಳಿದರೆ ಬೈಯುತ್ತಾರೆ. ಎಬ್ಬಿಸಿ ಹೊರಗೆ ಮಲಗಿಸಲು ಏನು ನೆವ ಹೇಳಲಿ?'"

ಹುಡುಗಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

"ಗಂಡನ್ನ ಉಳಸ್ಕೊಳ್ಳಾಕ ಕೇಳಿದ ಪ್ರಶ್ನಿ ಇದು. ಹಿಂದ-ಮುಂದ ಕತ್ತರಿಸಿ ನಡಬರಕಿಂದಷ್ಟ ಕಾಗದಕ್ಕ ಹಚ್ಚ್ಯಾರ. ಇದನ್ನ ಕೇಳಿದಾಕಿ ಗುರುಲಿಂಗಪ್ಪನ ಹೆಂಡ್ತಿ. ಇಂದುಬಾಯಿ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ದಾಟಿತು.

"ಆಕಿ ಬಂದು ಹೇಳ್ತಾಳ ಅಂತ ದಾರಿ ಕಾದೆ," ಪ್ರಜ್ಞಾ ಗೋಡೆಗೇ ಹೇಳಿದಳು. "ಮಗ ಹೊರಗ ಬಿಡವಲ್ಲಂತ. ಈಗ ಬರದಿದ್ರs ಚಲೋ ಅನಸ್ತೈತಿ. ಅವತ್ತ ಸಂಜಿಕ ನಾ ಕನ್ನೊಳ್ಳಿಗಿ ಹೋಗಿದ್ದೂ ಅದಕ್ಕs. ಅಂಗಡಿ ಮಾತು ಬಾಯಾಗಿತ್ತು ಖರೆ. ಆದ್ರ ಆ ಮುದುಕಪ್ಪನ್ನ ಅಲ್ಲಿ ಮಲಗಸಬ್ಯಾಡ್ರಿ ಅಂತ ಹೇಳಾಕ ಹೋಗಿದ್ದೆ. 'ನಮ್ಮನ್ಯಾಗ ಎಲ್ಲಿ ಮಲಗಬೇಕಂತ ನೀ ಹೇಳ್ತೀ ಏನು' ಅಂತ ಬಾಗಲದಿಂದ ಹೊಳ್ಳಿಸಿದ್ರು."

ವಿದ್ಯಾವತಿ ಕಣ್ಣು ಮುಚ್ಚಿಕೊಂಡಳು. ಕೊಂದಳೆಂದು ಹಿಡಿದು ತಂದದ್ದು ಉಳಿಸಲು ಹೋದವಳನ್ನು. ಆದರೆ ಗವಾಕ್ಷಿಗೆ ಗೋಣಿ ತುರುಕಿದ ಕೈ ಒಂದು ಇದ್ದೇ ಇದೆ. ಗಾಳಿ ಹೋಗದಿದ್ದರೆ ಏನಾಗುತ್ತದೆಂದು ಆ ಕೈಗೆ ಯಾರು ಕಲಿಸಿದರು?

"ಇಂದುಬಾಯಿಗಿ ಓದಾಕ ಬರೂದಿಲ್ಲಲ್ಲ? ಮಷೀನ್ ಕೊಟ್ಟ ಉತ್ತರ ಯಾರು ಓದಿ ಹೇಳಿದ್ರು, ನೀನಾ?"

"ಅದs ಮಾತಾಡಿ ಹೇಳತೈತ್ರಿ. ಸಂತಿ ಗದ್ದಲದಾಗ ಕೇಳಸೂದಿಲ್ಲಂತ ಸ್ಪೀಕರ್ ಹಚ್ಚೀನಿ."

"ಜೋರಾಗಿ?"

"ಬಾಗಲ ತನಕ ಕೇಳಸ್ತೈತಿ," ಎಂದವಳು ತನ್ನ ಮಾತಿನ ಅರ್ಥ ತನಗೇ ಹೊಳೆದು ವಿದ್ಯಾವತಿಯ ಕಡೆ ತಿರುಗಿದಳು. ಗವಾಕ್ಷಿ ತೆರೆದಿರಲಿ, ಮುಚ್ಚಿದರೆ ಜೀವಕ್ಕೆ ಅಪಾಯ ಎಂದು ಅವತ್ತು ಆ ಸ್ಪೀಕರ್ ಬಾಗಿಲವರೆಗೆ ಸಾರಿತ್ತು.

"ಬಾಗಲದಾಗ ಯಾರು ನಿಂತಿದ್ರು ಪ್ರಜ್ಞಾ?"

"ಭಾಳ ಮಂದಿ. ಸಂತಿ ದಿನ."

"ಇಂದುಬಾಯಿ ಕೂಡ ಬಂದವ್ರು?"

"ಸುವರ್ಣಕ್ಕ. ಅವ್ರ ಸೊಸಿ, ಅನಿಲಣ್ಣನ ಹೆಂಡ್ತಿ. ಚೀಲ ಹಿಡಕೊಂಡು ನಿಂತಿದ್ಲು. ಆದ್ರ ಮೇಡಂ, ನೀವು ಮತ್ತ ಹಂಗs..."

"ನಾ ಏನೂ ಅಂದಿಲ್ಲ." ವಿದ್ಯಾವತಿ ಜೇಬಿನಿಂದ ಒಂದು ಫೋಟೋ ತೆಗೆದಳು. ಅನಿಲ ದೂರಿನ ಜೊತೆ ಕೊಟ್ಟದ್ದು. ಪ್ರಜ್ಞಾಳ ಪ್ರಶ್ನೆಯ ಚಿತ್ರ, ಸಂತೆಯಲ್ಲಿ ಯಾರೋ ತನಗೆ ತೋರಿಸಿದರು ಎಂದಿದ್ದ. "ಇದು ಕಂಪ್ಯೂಟರಿಂದು ಪರದೆ ಅಲ್ಲ, ಫೋನಿಂದು. ಮೂಲ್ಯಾಗ ಗಾಜು ಸೀಳೈತಿ. ಯಾರ ಫೋನಿದು?"

"ಸುವರ್ಣಕ್ಕಂದು." ದನಿ ಸಣ್ಣಗಾಯಿತು. "ಆಕಿಗಿ ಕೇಳೂದು ಭಾಳ ಇರ್ತಿತ್ತು. ಮಂದ್ಯಾಗ ಕೇಳಾಕ ನಾಚಿಕಿ. ಅದಕ್ಕ ನನ್ನ ಖಾತೆನs ಆಕಿ ಫೋನಿನ್ಯಾಗ ಹಾಕಿಕೊಟ್ಟಿದ್ದೆ. ಹಂಗಾಗಿ ನಾ ಬರದದ್ದು ಆಕಿಗಿ ಕಾಣ್ತೈತಿ, ಆಕಿ ಬರದದ್ದು ನನಗ."

ಅಂದರೆ ತಾಯಿಯ ಪ್ರಶ್ನೆಯನ್ನು ಮಗನೇ ಪೊಲೀಸರಿಗೆ ತಂದುಕೊಟ್ಟಿದ್ದಾನೆ. ತಾಯಿಯದೆಂದು ಗೊತ್ತಿಲ್ಲದೆಯೋ, ಗೊತ್ತಿದ್ದೋ?

"ಮೇಡಮ್ಮೋರ!" ಫಕೀರಸಾಬನ ಕೂಗಿನಲ್ಲಿ ಎಂದಿನ ಹಾಸ್ಯವಿರಲಿಲ್ಲ. "ಲಗೂನ ಬರ್ರಿ ಇಲ್ಲಿ."

*

ಕಂಪ್ಯೂಟರಿನಲ್ಲಿ ಖಾತೆ ತೆರೆದಂತೆಯೇ ಇತ್ತು. ಎಲ್ಲ ಪ್ರಶ್ನೆಗಳ ಮೇಲೆ, ಬೆಳಿಗ್ಗೆ ಇಲ್ಲದ ಒಂದು ಹೊಸ ಸಾಲು ಬಂದು ಕೂತಿತ್ತು.

"ನಾ ಒಂದು ಅಕ್ಷರ ಮುಟ್ಟಿಲ್ರಿ," ಫಕೀರಸಾಬ ಎರಡೂ ಕೈ ಮೇಲೆತ್ತಿದ. "ಕಣ್ಣೆದುರಿಗೇ ಬಂತು."

'ಮಾವ ಸತ್ತ ಕೋಣಿ ಕೀಲಿ ಅತ್ತಿ ಬೇಡಾಕತ್ತಾಳ. ಇವತ್ತ ಅಲ್ಲೇ ಮಲಗ್ತೇನಿ ಅಂತಾಳ. ಕೊಡ್ಲ್ಯಾ ಬ್ಯಾಡಾ?'

ವಿದ್ಯಾವತಿ ಮೇಜಿನ ಡ್ರಾ ಎಳೆದಳು. ಕಾಳಿನ ಕೋಣೆಗೆ ಸೀಲು ಹಾಕಿದ ದಿನ ಅನಿಲ ತಂದೊಪ್ಪಿಸಿದ ಕೀಲಿ ಚೀಟಿ ಕಟ್ಟಿಸಿಕೊಂಡು ಅಲ್ಲೇ ಬಿದ್ದಿತ್ತು. ಆ ಕೋಣೆಗೆ ಇದೊಂದೇ ಕೀಲಿ ಎಂದು ಅವನು ಹೇಳಿಕೆ ಕೊಟ್ಟಿದ್ದ. ಹಾಗಾದರೆ ಸುವರ್ಣಾಳ ಕೈಯಲ್ಲಿರುವುದು ಯಾವ ಕೀಲಿ?

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಈ ತನಕ ಈ ಖಾತೆಯಲ್ಲಿ ಕೇಳಿದವರಾರಿಗೂ ಪೊಲೀಸರು ಓದುತ್ತಾರೆಂದು ಗೊತ್ತಿರಲಿಲ್ಲ. ಈಗ ಅನಿಲನ ಮನೆಯವರಿಗೆಲ್ಲ ಗೊತ್ತು. ಗೊತ್ತಿದ್ದೂ ಬರೆದ ಪ್ರಶ್ನೆ ಇದು. ಅತ್ತೆಯ ಜೀವಕ್ಕೆ ಹೆದರಿ, ಬಾಯಿ ಬಿಡಲಾಗದ ಸೊಸೆ ಪೊಲೀಸರನ್ನೇ ಕೂಗುತ್ತಿದ್ದಾಳೆಯೇ? ಅಥವಾ ನಾಳೆ ಅತ್ತೆಗೆ ಏನಾದರೂ ಆದಾಗ, ತಾನಾಗಿಯೇ ಹೋಗಿ ಮಲಗಿದಳೆಂದು ತೋರಿಸಲು ಇಂದೇ ಸಾಕ್ಷಿ ಬಿತ್ತುತ್ತಿದ್ದಾಳೆಯೇ?

ಎರಡಕ್ಕೂ ಅಕ್ಷರ ಅವೇ. ಪ್ರಜ್ಞಾ ಹೇಳಿದ್ದೂ ಅದನ್ನೇ.

"ಫಕೀರಸಾಬ್ರ, ಜೀಪ್ ತಗೀರಿ. ಕನ್ನೊಳ್ಳಿಗಿ. ಇಂದುಬಾಯಿನ್ನ ಕಣ್ಣಾರ ಕಂಡು ನನಗ ಫೋನ್ ಹಚ್ಚ್ರಿ. ಹಿಂದಿನ ಬಾಗಲದಿಂದ ಹೋಗ್ರಿ, ಅನಿಲಗ ಗೊತ್ತಾಗೂದು ಬ್ಯಾಡ."

ಅವನು ಹೊರಡುತ್ತಿದ್ದಂತೆ ಅವಳ ಕಣ್ಣು ಪಡಸಾಲೆಯತ್ತ ಹೋಯಿತು. ಬೆಂಚಿನ ಮೇಲೆ ಅನಿಲ ತಲೆ ತಗ್ಗಿಸಿ ಕೂತಿದ್ದ. ಕೈಯಲ್ಲಿ ಫೋನು. ಹೆಬ್ಬೆರಳುಗಳು ಚುರುಕಾಗಿ ಆಡುತ್ತಿದ್ದವು.

ಬರೆಯುವುದು ಸೊಸೆಯೇ ಆಗಬೇಕೆಂದಿಲ್ಲವಲ್ಲ. 'ನಾನು' ಎಂದು ಇನ್ನೊಬ್ಬರ ಪರವಾಗಿ ಪ್ರಜ್ಞಾ ಬರೆಯುತ್ತಿದ್ದ ಹಾಗೆ, ಹೆಂಡತಿಯ ಬಾಯಿಂದ ಗಂಡನೂ ಬರೆಯಬಹುದು. ಹತ್ತು ಹೆಜ್ಜೆ ದೂರದಲ್ಲಿ, ಪೊಲೀಸರ ಪಡಸಾಲೆಯಲ್ಲೇ ಕೂತು. ಹೌದು, ಇವನೇ. ಕೀಲಿ ಒಂದೇ ಎಂದವನೂ ಇವನೇ, ತಾಯಿಯನ್ನು ಹೊರಗೆ ಬಿಡದವನೂ ಇವನೇ. ಬೆಳಗಿನಿಂದ ತುಂಡು ತುಂಡಾಗಿ ಬಿದ್ದಿದ್ದದ್ದೆಲ್ಲ ಒಮ್ಮೆಲೆ ಕೂಡಿಕೊಂಡು ಬಂತು. ಬಲು ಅಚ್ಚುಕಟ್ಟಾಗಿ.

ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿ ಎದ್ದ. ಬಾಗಿಲಿಗೆ ಬಂದು, ಎರಡೂ ಕೈಗಳನ್ನು ಚೌಕಟ್ಟಿಗೆ ಕೊಟ್ಟು ನಿಂತ. ಅತ್ತು ಅತ್ತು ಊದಿದ ಕಣ್ಣು.

"ಸಹಿ ಆತೇನ್ರಿ ಮೇಡಂ?"

"ಆಗಾಕತ್ತೈತಿ. ಕೂಡ್ರಿ," ಎಂದು ವಿದ್ಯಾವತಿ ಪೆನ್ನು ಕೈಗೆತ್ತಿಕೊಂಡಳು. ನೋಟವನ್ನು ಅವನ ಆ ಎರಡು ಕೈಗಳಿಂದ ಕೀಳಲಿಲ್ಲ. ಹಿತ್ತಲಲ್ಲಿ ಜೀಪು ಕೆಮ್ಮಿತು, ಮತ್ತೆ ಕೆಮ್ಮಿತು, ಚಾಲೂ ಆಗಲಿಲ್ಲ.

ಅವನ ಕೈಗಳು ಚೌಕಟ್ಟಿನ ಮೇಲೆಯೇ ಇದ್ದವು. ಪಕ್ಕದ ಪರದೆಯಲ್ಲಿ ಏನೋ ಅಲುಗಿದಂತಾಗಿ ಅವಳು ತಿರುಗಿದಳು.

ಹೊಸ ಸಾಲು ಬಂದಿತ್ತು, ಆ ಕೈಗಳು ಫೋನು ಮುಟ್ಟದೆಯೇ.

'ಕೀಲಿ ಕೊಟ್ಟೆ.'